ಹಳೆಯ ಗಾಳದ ಕೋಲು: ಬಿಚ್ಚುವ ಕೆಲಸಕ್ಕೆ ಅವಸರ ಬೇಡ

ಹಳೆಯ ಗಾಳದ ಕೋಲನ್ನು ಸರಿಪಡಿಸಲು ಹೊರಟವರು ಮೊದಲು ಕೇಳುವುದು ಹೊಸ ದಾರದ ಬಣ್ಣ ಯಾವುದಿರಬೇಕು, ವಾರ್ನಿಷ್ ಯಾವುದು ಒಳ್ಳೆಯದು ಎಂದು. ಆ ಪ್ರಶ್ನೆಗಳಿಗೆ ಇನ್ನೂ ಹೊತ್ತಿದೆ. ಕೋಲು ಉಳಿಯುತ್ತದೋ ಕೆಡುತ್ತದೋ ಎಂಬುದು ಅದಕ್ಕೂ ಮೊದಲೇ, ಹಳೆಯ ಉಂಗುರ, ತುಂಡುಗಳನ್ನು ಸೇರಿಸುವ ಲೋಹದ ಕೊಳವೆ, ಹಿಡಿಯ ಬುಡದ ಟೊಪ್ಪಿಗೆ ಇವನ್ನೆಲ್ಲ ಬಿಚ್ಚುವಾಗಲೇ ತೀರ್ಮಾನವಾಗಿಬಿಡುತ್ತದೆ. ಅರವತ್ತು ಎಪ್ಪತ್ತು ವರ್ಷ ಅಟ್ಟದ ಮೇಲೆ ಸುಮ್ಮನೆ ಮಲಗಿದ್ದ ಕೋಲು ಇಕ್ಕಳ ಹಿಡಿದ ಕೈಯ ಒಂದು ತಿರುವಿಗೆ ಉದ್ದಕ್ಕೆ ಸೀಳಿಹೋಗಬಹುದು. ಸೀಳಿದ ಬಿದಿರನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ.

ನಮ್ಮ ಹನುಮನಹಳ್ಳಿ ಅಂಜನಾದ್ರಿಯ ಬುಡದ ಊರು. ಹೊಳೆ ದಾಟಿದರೆ ಹಂಪಿ. ನಮ್ಮ ಕಡೆ ಗಾಳ ಎಂದರೆ ಮೆಳೆಯಿಂದ ಕಡಿದು ತಂದ ಬಿದಿರಿನ ಕೋಲು, ಅದರ ತುದಿಗೆ ಕಟ್ಟಿದ ದಾರ, ಜೋಳದ ದಂಟಿನ ಬೆಂಡು, ಒಂದು ಕೊಕ್ಕೆ. ಮುರಿದರೆ ಇನ್ನೊಂದು ಕಡಿದು ತಂದರಾಯಿತು. ಉಂಗುರ, ರೀಲು, ಲೋಹದ ಜೋಡಣೆ ಇರುವ ಕೋಲುಗಳ ಕತೆ ಬೇರೆ. ಅವು ಹೊರಗಿನಿಂದ ಬಂದವು. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಒಂದು ದಂಡೆಯಲ್ಲಿ ಮದ್ರಾಸ್ ಸರ್ಕಾರ, ಮತ್ತೊಂದು ದಂಡೆಯಲ್ಲಿ ಹೈದರಾಬಾದ್ ಸರ್ಕಾರ ಕೆಲಸ ಮಾಡಿಸಿದವು. ಮುನಿರಾಬಾದಿನಲ್ಲೂ ಟಿ.ಬಿ. ಡ್ಯಾಮಿನಲ್ಲೂ ಅಧಿಕಾರಿಗಳ ವಸತಿ ಎದ್ದಿತು. ಅಂಥ ಮನೆಗಳಿಂದಲೋ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಿಂದಲೋ, ಮೈಸೂರಿನ ಹಳೆ ಸಾಮಾನಿನ ಅಂಗಡಿಯಿಂದಲೋ ಬಂದ ಕೋಲು ನಿಮ್ಮ ಕೈ ಸೇರಿದ್ದರೆ ಈ ಲೇಖನ ನಿಮಗಾಗಿ.

ಕರ್ನಾಟಕದಲ್ಲಿ ಈ ಕೋಲುಗಳಿಗೆ ಸಣ್ಣ ಚರಿತ್ರೆಯೇನಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ನದಿಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದರು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನು ಹಿಡಿದು ಆ ದಾಖಲೆ ದಾಟಿದರು. ಆ ಕಾಲದ ಕೋಲುಗಳು ಬಹುಪಾಲು ಸೀಳು ಬಿದಿರಿನವು. ಇಂಗ್ಲೆಂಡಿನ ಆನಿಕ್ ಪಟ್ಟಣದಲ್ಲಿ 1872ರಲ್ಲಿ ಶುರುವಾದ ಹಾರ್ಡಿ, ಲಂಡನ್ನಿನ ಫಾರ್ಲೊ, ರೆಡಿಚ್‌ನ ಆಲ್ಕಾಕ್ ಮುಂತಾದ ಹೆಸರುಗಳು ಹಿಡಿಯ ಹತ್ತಿರ ಕಾಣಸಿಗುತ್ತವೆ.

ಕೈಯಲ್ಲಿರುವುದು ಏನು?

ಕೋಲಿನ ಅಡ್ಡಕೊಯ್ತವನ್ನು ಬೆರಳಿನಿಂದ ತಡವಿ ನೋಡಿ. ಆರು ಮುಖ ಸಿಕ್ಕರೆ ಅದು ಸೀಳು ಬಿದಿರು: ಬಿದಿರನ್ನು ಆರು ತ್ರಿಕೋನ ಪಟ್ಟಿಗಳಾಗಿ ಸೀಳಿ, ಹೊರಚರ್ಮ ಹೊರಗೇ ಉಳಿಯುವಂತೆ ಅಂಟಿಸಿದ್ದು. ಮೊದಮೊದಲು ಇದಕ್ಕೆ ಕಲ್ಕತ್ತೆಯಿಂದ ಹೋದ ನಮ್ಮ ಬಿದಿರನ್ನೇ ಬಳಸುತ್ತಿದ್ದರು. ಅದರ ಮೈಮೇಲೆ ಸುಟ್ಟ ಕಲೆಗಳಿರುತ್ತವೆ. ಆಮೇಲೆ ಚೀನಾದ ಟಾಂಕಿನ್ ಬಿದಿರು ಬಂತು. ಕೋಲು ದುಂಡಗಿದ್ದು ಮರದ ಎಳೆ ಕಂಡರೆ ಗ್ರೀನ್‌ಹಾರ್ಟ್ ಎಂಬ ದಕ್ಷಿಣ ಅಮೆರಿಕದ ಗಟ್ಟಿ ಮರದ್ದಿರಬಹುದು. ದುಂಡಗಿದ್ದು ಗಿಣ್ಣು ಕಂಡರೆ ಇಡೀ ಬಿದಿರು. ನುಣ್ಣಗಿದ್ದು ಟೊಳ್ಳಾಗಿದ್ದರೆ ಫೈಬರ್ ಗ್ಲಾಸ್, ಅಂದರೆ ಎರಡನೇ ಮಹಾಯುದ್ಧದ ನಂತರದ್ದು.

ಇಲ್ಲಿ ಮುಖ್ಯವಾಗಿ ಹೇಳುವುದು ಸೀಳು ಬಿದಿರಿನ ಬಗ್ಗೆ, ಏಕೆಂದರೆ ಬಿಚ್ಚುವಾಗ ಅತಿ ಸುಲಭವಾಗಿ ಕೆಡುವುದು ಅದೇ. ಬಿದಿರಿನ ಬಲವೆಲ್ಲ ಹೊರಚರ್ಮಕ್ಕೆ ಅಂಟಿಕೊಂಡ ದಟ್ಟ ನಾರಿನಲ್ಲಿದೆ. ಒಳಗಿನದು ಮೆತ್ತನೆಯ ತಿರುಳು. ಬ್ಲೇಡು ಆ ನಾರನ್ನು ಒಂದೇ ಒಂದು ಕಡೆ ಅಡ್ಡಕ್ಕೆ ಕೊಯ್ದರೂ ಮುಂದೆ ಕೋಲು ಬಾಗಿದಾಗ ಅಲ್ಲಿಯೇ ಮುರಿಯುತ್ತದೆ. ಎರಡನೆಯ ಅಪಾಯ ಅಂಟಿನದು. ಯುದ್ಧಕ್ಕೆ ಮುಂಚಿನ ಕೋಲುಗಳಲ್ಲಿ ಸಾಮಾನ್ಯವಾಗಿ ಇರುವುದು ನಮ್ಮ ಬಡಿಗೇರರು ಹಿಂದೆ ಕಾಯಿಸಿ ಹಚ್ಚುತ್ತಿದ್ದ ಸರೇಸಿನ ಜಾತಿಯ ಪ್ರಾಣಿಜನ್ಯ ಅಂಟು. ತೇವವೂ ಬಿಸಿಯೂ ಸೇರಿದರೆ ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುತ್ತದೆ. ಆದ್ದರಿಂದ ಹಳೆಯ ಕೋಲನ್ನು ನೀರಿನಲ್ಲಿ ನೆನೆಸುವುದು, ಹಬೆ ಹಿಡಿಯುವುದು, ಬಣ್ಣ ಕೀಳುವ ರಾಸಾಯನಿಕದಲ್ಲಿ ಅದ್ದುವುದು ಯಾವುದೂ ಕೂಡದು.

ಬಿಚ್ಚಲೇಬೇಕೇ?

ಎಲ್ಲವನ್ನೂ ಕಿತ್ತು ಹೊಸದು ಮಾಡಬೇಕೆಂಬ ಹುರುಪು ಬಿಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಾರದ ಸುತ್ತು ಬಿಗಿಯಾಗಿದ್ದರೆ, ಉಂಗುರ ಅಲುಗದಿದ್ದರೆ, ವಾರ್ನಿಷ್ ಮಾತ್ರ ಮಂಕಾಗಿದ್ದರೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಸುತ್ತುಗಳ ಮೇಲೆ ತೆಳುವಾಗಿ ವಾರ್ನಿಷ್ ಎಳೆದು ಬಿಟ್ಟುಬಿಡಿ. ಹೆಸರುಳ್ಳ ಕಂಪನಿಯ ಕೋಲು ಮೂಲದ ಉಂಗುರ, ಮೂಲದ ದಾರ ಸಮೇತ ಸಿಕ್ಕಿದ್ದರೆ ಅದರ ಬೆಲೆಯೂ ಅದರ ಚರಿತ್ರೆಯೂ ಆ ಹಳೆಯ ವಸ್ತುಗಳಲ್ಲೇ ಇದೆ. ಹಾರ್ಡಿ ಕೋಲುಗಳ ಲೋಹದ ಭಾಗದ ಮೇಲೆ ಕ್ರಮಸಂಖ್ಯೆ ಒತ್ತಿರುತ್ತಾರೆ. ಕೋಲು ತಯಾರಾದ ವರ್ಷ ಪತ್ತೆಯಾಗುವುದು ಅದರಿಂದ. ಹೊಳಪು ಕೊಡುವ ಉತ್ಸಾಹದಲ್ಲಿ ಆ ಲೋಹವನ್ನು ಮರಳು ಕಾಗದದಿಂದ ಉಜ್ಜಿದರೆ ಸಂಖ್ಯೆ ಮಾಸಿಹೋಗುತ್ತದೆ.

ಬಿಚ್ಚಲೇಬೇಕಾದ ಸಂದರ್ಭಗಳೂ ಇವೆ. ಉಂಗುರ ತುಕ್ಕು ಹಿಡಿದು ಬಿದಿರಿಗೆ ಕರಿ ಕಲೆ ಇಳಿದಿದ್ದರೆ, ಉಂಗುರದ ಒಳಗಿನ ಅಗೇಟ್ ಕಲ್ಲು ಸೀಳಿದ್ದರೆ, ದಾರ ಪುಡಿಯಾಗುತ್ತಿದ್ದರೆ, ಜೋಡಣೆಯ ಕೊಳವೆ ಕೋಲಿನ ಮೇಲೆ ಕಟಕಟ ಸದ್ದು ಮಾಡುತ್ತಿದ್ದರೆ ಬಿಚ್ಚಬೇಕು. ಅಗೇಟ್ ಕಲ್ಲಿನ ಸೀಳು ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು. ಉಂಗುರದ ಒಳಗಿಂದ ಹತ್ತಿಯ ಎಳೆಯೊಂದನ್ನು ಹಾಯಿಸಿ ಸುತ್ತಲೂ ಎಳೆದು ನೋಡಿ. ಎಲ್ಲಿ ನಾರು ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೀಳಿದೆ. ಆ ಸೀಳು ಗಾಳದ ದಾರವನ್ನು ಕೊಯ್ಯುತ್ತದೆ.

ಕಟಕಟ ಸದ್ದಿನ ಬಗ್ಗೆ ನಮ್ಮ ಸೀಮೆಯವರಿಗೆ ಒಂದು ಮಾತು. ಕೊಪ್ಪಳ, ಗಂಗಾವತಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿ ಒಣಗಿರುತ್ತದೆ. ಆಗ ಬಿದಿರು ಕುಗ್ಗುತ್ತದೆ, ಕೊಳವೆ ಸಡಿಲವಾದಂತೆ ಕೇಳಿಸುತ್ತದೆ. ಮಳೆಗಾಲದಲ್ಲಿ ಅದೇ ಕೋಲು ಉಬ್ಬಿ ಬಿಗಿಯಾಗುತ್ತದೆ. ಬೇಸಿಗೆಯ ಸದ್ದು ಕೇಳಿದ ಕೂಡಲೇ ಕೀಳಲು ಹೋಗದೆ ಒಂದು ಮಳೆಗಾಲ ಕಾದು ನೋಡುವುದು ಒಳ್ಳೆಯದು. ಆಗಲೂ ಅಲುಗಿದರೆ ಅಂಟು ಸತ್ತಿದೆ ಎಂದು ತಿಳಿಯಿರಿ.

ಬ್ಲೇಡು ಎತ್ತುವ ಮೊದಲು

ಅಳತೆ ಬರೆದುಕೊಳ್ಳಿ. ತುದಿಯಿಂದ ಪ್ರತಿ ಉಂಗುರದ ಪಾದದವರೆಗೆ ಎಷ್ಟು ಮಿಲಿಮೀಟರ್, ಉಂಗುರ ಆರು ಮುಖಗಳಲ್ಲಿ ಯಾವುದರ ಮೇಲೆ ಕೂತಿದೆ, ಪ್ರತಿ ಸುತ್ತಿನ ಉದ್ದ ಎಷ್ಟು, ಅಂಚಿಗೆ ಬೇರೆ ಬಣ್ಣದ ದಾರದ ಗೆರೆ ಇದೆಯೇ, ಇವೆಲ್ಲ ಒಂದು ಪುಸ್ತಕದಲ್ಲಿ ಇರಲಿ. ಮೊಬೈಲಿನಲ್ಲಿ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಬಿಚ್ಚಿದ ಪ್ರತಿ ಉಂಗುರಕ್ಕೂ ಬೇರೆ ಬೇರೆ ಕಾಗದದ ಪೊಟ್ಟಣ, ಅದರ ಮೇಲೆ ಸಂಖ್ಯೆ. ಹಳೆಯ ವಾರ್ನಿಷ್ ಮೇಲೆ ಅಂಟುಪಟ್ಟಿ ಹಚ್ಚಬೇಡಿ, ಕೀಳುವಾಗ ವಾರ್ನಿಷ್ಷೂ ಎದ್ದು ಬರುತ್ತದೆ.

ಹಳೆಯ ಕೋಲುಗಳಲ್ಲಿ ಉಂಗುರವೇ ಇಲ್ಲದ ಜಾಗದಲ್ಲೂ ಒಂದೆರಡು ಅಂಗುಲಕ್ಕೊಂದರಂತೆ ಸಣ್ಣ ಸಣ್ಣ ದಾರದ ಸುತ್ತುಗಳಿರುತ್ತವೆ. ಇವನ್ನು ಅಲಂಕಾರ ಎಂದುಕೊಂಡು ಒಂದೇ ಸಲಕ್ಕೆ ಕೊಯ್ದು ಹಾಕುವವರಿದ್ದಾರೆ. ಅಂಟಿನ ಮೇಲೆ ಪೂರಾ ಭರವಸೆ ಇಲ್ಲದ ಕಾಲದಲ್ಲಿ ಆರು ಪಟ್ಟಿಗಳನ್ನು ಹಿಡಿದಿಟ್ಟಿದ್ದು ಈ ಕಟ್ಟುಗಳೇ. ಒಳಗಿನ ಅಂಟು ಈಗ ಸತ್ತಿದ್ದರೆ ಕಟ್ಟು ಬಿಚ್ಚಿದ ಕೂಡಲೇ ಪಟ್ಟಿಗಳು ಬಾಯಿ ಬಿಡುತ್ತವೆ. ಹಾಗಾಗಿ ಒಂದೊಂದೇ ಬಿಚ್ಚಿ. ಬಿಚ್ಚಿದ ಜಾಗವನ್ನು ಉಗುರಿನಿಂದ ಒತ್ತಿ ನೋಡಿ, ಪಟ್ಟಿಗಳ ನಡುವೆ ಗೆರೆ ತೆರೆದರೆ ಅಲ್ಲೇ ಹತ್ತಿ ದಾರದಿಂದ ತಾತ್ಕಾಲಿಕವಾಗಿ ಬಿಗಿದು ಮುಂದಿನದಕ್ಕೆ ಹೋಗಿ.

ಉಂಗುರಗಳು

ಇಲ್ಲಿ ನಿಯಮ ಒಂದೇ: ಬ್ಲೇಡು ಲೋಹದ ಮೇಲೆ ಓಡಬೇಕು, ಬಿದಿರಿನ ಮೇಲೆ ಎಂದೂ ಓಡಬಾರದು. ಉಂಗುರಕ್ಕೆ ಎರಡು ಪಾದಗಳಿರುತ್ತವೆ, ದಾರ ಆ ಪಾದಗಳ ಮೇಲಿಂದ ಕೋಲಿಗೆ ಸುತ್ತಿರುತ್ತದೆ. ಹೊಸ ಬ್ಲೇಡನ್ನು ಪಾದದ ಬೆನ್ನಿನ ಮೇಲೆ ಬಹುತೇಕ ಮಲಗಿಸಿದಂತೆ ಹಿಡಿದು, ದಾರವನ್ನು ಪಾದದ ಉದ್ದಕ್ಕೆ ಹೆರೆಯಿರಿ. ಕೆಳಗೆ ಲೋಹ ಇರುವುದರಿಂದ ಅಲಗು ಅದಕ್ಕಿಂತ ಆಳಕ್ಕೆ ಇಳಿಯದು. ಪಾದದ ತುದಿ ತೆಳುವಾಗಿ ಮುಗಿಯುವ ಕಡೆ, ಕೊನೆಯ ಮೂರು ನಾಲ್ಕು ಸುತ್ತುಗಳು ಬಿದಿರಿನ ಮೇಲೇ ಇರುವ ಜಾಗದಲ್ಲಿ, ಬ್ಲೇಡು ಕೆಳಗಿಡಿ. ಕೊಯ್ದ ದಾರದ ತುದಿ ಸಿಕ್ಕಿದ ಮೇಲೆ ಉಳಿದದ್ದನ್ನು ಬೆರಳಿನಿಂದಲೇ ಬಿಚ್ಚಬಹುದು.

ಹಳೆಯ ವಾರ್ನಿಷ್ ದಾರದೊಳಗೆ ಇಳಿದು ಗಾಜಿನಂತೆ ಗಟ್ಟಿಯಾಗಿರುತ್ತದೆ, ಒಮ್ಮೊಮ್ಮೆ ದಾರ ಚೂರು ಚೂರಾಗಿ ಏಳುತ್ತದೆ. ಏಳಲಿ. ಅಂಚಿನಲ್ಲಿ ಉಳಿದ ವಾರ್ನಿಷ್ ದಿಬ್ಬವನ್ನು ಬಿದಿರಿನ ಚಕ್ಕೆಯಿಂದಲೋ ಹೆಬ್ಬೆರಳಿನ ಉಗುರಿನಿಂದಲೋ ಎಬ್ಬಿಸಿ. ಚಾಕುವಿನ ತುದಿ ಬೇಡ, ಮರಳು ಕಾಗದವಂತೂ ಬೇಡವೇ ಬೇಡ. ನಾಲ್ಕು ಬಾರಿ ಉಜ್ಜಿದರೆ ಹೋಗುವುದು ವಾರ್ನಿಷ್ ಒಂದೇ ಅಲ್ಲ, ಕೋಲಿಗೆ ಬಲ ಕೊಡುವ ಮೇಲಿನ ನಾರೂ ಹೋಗುತ್ತದೆ.

ಸುತ್ತು ಬಿಚ್ಚಿದ ಜಾಗದಲ್ಲಿ ಬಿದಿರಿನ ಬಣ್ಣ ತಿಳಿಯಾಗಿರುವುದು ಕಾಣುತ್ತದೆ, ಬೆಳಕು ತಾಗದೆ ಉಳಿದ ಬಣ್ಣ ಅದು. ಅದನ್ನು ಸಮ ಮಾಡಲು ಹೋಗಬೇಡಿ. ಕೆಲವು ಕೋಲುಗಳಲ್ಲಿ ಈಗಿನ ಉಂಗುರ ಇರುವ ಜಾಗವಲ್ಲದೆ ಪಕ್ಕದಲ್ಲೂ ಅಂಥ ತಿಳಿ ಪಟ್ಟಿ ಕಾಣುತ್ತದೆ. ಹಾಗಿದ್ದರೆ ಮಧ್ಯದಲ್ಲಿ ಯಾರೋ ಉಂಗುರಗಳನ್ನು ಬದಲಿಸಿದ್ದಾರೆ ಎಂದರ್ಥ. ಮೂಲದ ಅಂತರ ಅದೇ, ಬರೆದುಕೊಳ್ಳಿ. ಪಾದದ ಅಡಿಯಲ್ಲಿ ಸಿಕ್ಕಿಕೊಂಡಿದ್ದ ದಾರದ ಚೂರನ್ನೂ ಎತ್ತಿಡಿ. ರೇಷ್ಮೆ ದಾರ ವಾರ್ನಿಷ್ ಹೀರಿದರೆ ಪಾರದರ್ಶಕವಾಗಿ ಕಪ್ಪಾಗುತ್ತದೆ, ಹೊರಗಿನಿಂದ ಕಂದು ಕಂಡದ್ದು ಮೂಲದಲ್ಲಿ ಹಸಿರೋ ಕೆಂಪೋ ಇದ್ದೀತು. ಮೂಲದ ಬಣ್ಣಕ್ಕೆ ಹತ್ತಿರದ್ದು ಸಿಗುವುದು ಆ ಚೂರಿನಲ್ಲಿ. ನಮ್ಮ ಕಡೆಯ ಕುಷ್ಟಗಿಯಿಂದ ಇಳಕಲ್ ದೂರವೇನಲ್ಲ. ಅಲ್ಲಿ ನೇಕಾರರಿಗೆ ನೂಲು ಮಾರುವ ಅಂಗಡಿಯಲ್ಲಿ ಆ ಚೂರು ತೋರಿಸಿ ಅಪ್ಪಟ ರೇಷ್ಮೆಯನ್ನೇ ಕೇಳಿದರೆ ಹೊಂದುವ ಬಣ್ಣ ಹುಡುಕುವುದು ಸುಲಭ.

ತುದಿಯ ಉಂಗುರದ ವಿಷಯ ಬೇರೆ. ಅದು ದಾರದಿಂದ ಕಟ್ಟಿದ್ದಲ್ಲ, ಸಣ್ಣ ಕೊಳವೆಯಾಗಿ ಕೋಲಿನ ತುದಿಗೆ ತೊಡಿಸಿ ಅಂಟಿಸಿದ್ದು. ಅಲ್ಲಿ ಬಿದಿರು ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಬೆಂಕಿ ತೋರಿಸಿದರೆ ಬಿದಿರು ಸುಡುತ್ತದೆ, ಅಗೇಟ್ ಇದ್ದರೆ ಬಿಸಿಗೆ ಸಿಡಿಯುತ್ತದೆ. ರೇಡಿಯೊ ಟಿವಿ ರಿಪೇರಿಯವರು ಬಳಸುವ ಸೋಲ್ಡರಿಂಗ್ ಐರನ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಬಿಸಿ ತುದಿಯನ್ನು ಕೊಳವೆಗೆ ಮಾತ್ರ ಮುಟ್ಟಿಸಿ, ಕೆಲವು ಸೆಕೆಂಡು ಬಿಟ್ಟು ಬಟ್ಟೆ ಸುತ್ತಿದ ಇಕ್ಕಳದಿಂದ ನೇರವಾಗಿ ಎಳೆಯಿರಿ. ಬರದಿದ್ದರೆ ಮತ್ತೆ ಮುಟ್ಟಿಸಿ. ತಿರುಚಬೇಡಿ.

ಲೋಹದ ಜೋಡಣೆ, ಅಂದರೆ ಫೆರುಲ್

ಎಲ್ಲಕ್ಕಿಂತ ಹೆಚ್ಚು ಕೋಲುಗಳು ಕೆಡುವುದು ಇಲ್ಲಿ. ಫೆರುಲ್ ಎಂದರೆ ತುಂಡುಗಳನ್ನು ಒಂದಕ್ಕೊಂದು ಸೇರಿಸುವ ಗಂಡು ಹೆಣ್ಣು ಕೊಳವೆಗಳು. ಹಿತ್ತಾಳೆಯದ್ದೋ ಜರ್ಮನ್ ಸಿಲ್ವರಿನದ್ದೋ ಇರುತ್ತವೆ. ಜರ್ಮನ್ ಸಿಲ್ವರ್ ತಾಮ್ರ, ನಿಕ್ಕಲ್, ಸತುವಿನ ಬೆರಕೆ, ಅದರಲ್ಲಿ ಬೆಳ್ಳಿಯಿಲ್ಲ.

ಮೊದಲ ತೊಂದರೆ, ಗಂಡು ಹೆಣ್ಣು ಎರಡೂ ಒಂದರೊಳಗೊಂದು ಕಚ್ಚಿಕೊಂಡು ಕೂತಿರುವುದು. ಇಬ್ಬರು ಎದುರು ಬದುರು ಕೂತು, ಒಬ್ಬೊಬ್ಬರೂ ಎರಡೂ ತುಂಡುಗಳ ಮೇಲೆ ಒಂದೊಂದು ಕೈ ಇಟ್ಟು, ಲೋಹಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯುವುದು ಒಳ್ಳೆಯ ವಿಧಾನ. ಹೀಗೆ ಎಳೆದರೆ ಬಲ ಒಂದು ಕಡೆ ವಾಲುವುದಿಲ್ಲ. ಒಬ್ಬರೇ ಇದ್ದರೆ ಕೋಲನ್ನು ಮೊಣಕಾಲುಗಳ ಹಿಂದೆ ಅಡ್ಡ ಹಿಡಿದು, ಮೊಣಕಾಲುಗಳ ಹೊರಮಗ್ಗುಲಲ್ಲಿ ಕೈಗಳಿಂದ ಹಿಡಿದು, ಕಾಲುಗಳನ್ನು ನಿಧಾನ ಅಗಲಿಸಿದರೆ ಕೈಗಳು ತಾವಾಗಿ ಹೊರಕ್ಕೆ ತಳ್ಳಲ್ಪಟ್ಟು ಕೋಲು ಬೇರೆಯಾಗುತ್ತದೆ. ಬರದಿದ್ದರೆ ಹೆಣ್ಣು ಕೊಳವೆಯ ಸುತ್ತ ಬಿಸಿ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸುತ್ತಿ ಅರ್ಧ ನಿಮಿಷ ಬಿಡಿ. ಹೊರಗಿನ ಲೋಹ ಹಿಗ್ಗುತ್ತದೆ, ಒಳಗಿನದು ಇನ್ನೂ ತಣ್ಣಗಿರುತ್ತದೆ. ಆ ಕ್ಷಣದಲ್ಲಿ ಎಳೆಯಬೇಕು. ಸೇರಿಕೆಯ ಗೆರೆಗೆ ಒಂದು ತೊಟ್ಟು ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬಹುದು. ಒಂದು ತೊಟ್ಟಿಗಿಂತ ಹೆಚ್ಚಾದರೆ ಬಿದಿರಿಗೆ ಇಳಿಯುತ್ತದೆ.

ಫೆರುಲನ್ನೇ ಕೋಲಿನಿಂದ ಕೀಳಬೇಕಾದಾಗ ಮೊದಲು ಮೊಳೆ ಹುಡುಕಿ. ಹಳೆಯ ತಯಾರಕರು ಅಂಟಿನ ಜೊತೆಗೆ ಕೊಳವೆಯ ಮೂಲಕ ಬಿದಿರಿನೊಳಕ್ಕೆ ಸೂಜಿಯಷ್ಟು ಸಣ್ಣ ಮೊಳೆ ಹೊಡೆದು, ತಲೆಯನ್ನು ಲೋಹಕ್ಕೆ ಸಮವಾಗಿ ಅರೆದುಬಿಡುತ್ತಿದ್ದರು. ಬರಿಗಣ್ಣಿಗೆ ಅದು ಕಾಣುವುದು ಕಷ್ಟ. ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಲೋಹವನ್ನು ಹಗುರವಾಗಿ ಒರೆಸಿ, ಕೋಲನ್ನು ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನಿಧಾನ ತಿರುಗಿಸಿ. ಹೊಳಪಿನಲ್ಲಿ ಸ್ವಲ್ಪವೇ ಬೇರೆಯಾದ ಒಂದು ಚುಕ್ಕೆ ಸಿಗುತ್ತದೆ. ಎರಡೂ ಬದಿಗೆ ಸಿಕ್ಕರೆ ಮೊಳೆ ಆರಪಾರಾಗಿದೆ ಎಂದು. ತೆಳ್ಳನೆಯ ಉಳಿಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಹೊರದಬ್ಬಬಹುದು. ಒಂದೇ ಬದಿಗೆ ಇದ್ದರೆ ಮೊಳೆಗಿಂತ ಸಣ್ಣ ಬೈರಿಗೆಯಿಂದ ಕೈಯಲ್ಲೇ ಕೊರೆಯಬೇಕು. ಗಡಿಯಾರ ರಿಪೇರಿಯವರ ಹತ್ತಿರ, ಪತ್ತಾರರ ಹತ್ತಿರ ಅಂಥ ಕೈಬೈರಿಗೆ ಇರುತ್ತದೆ. ಮೊಳೆ ಒಳಗಿರುವಾಗ ಎಳೆದರೆ ಅದು ಬಿದಿರನ್ನು ಒಳಗಿಂದಲೇ ಸೀಳಿಕೊಂಡು ಬರುತ್ತದೆ.

ಮೊಳೆ ಹೋದ ಮೇಲೆ ಬಿಸಿ. ಹಳೆಯ ಫೆರುಲ್ ಅಂಟುಗಳಲ್ಲಿ ಅರಗು, ರಾಳದಂಥವೇ ಹೆಚ್ಚು. ಅರಗು 75-80 ಡಿಗ್ರಿಗೆ ಮೆದುವಾಗುತ್ತದೆ. ಈ ಕೆಲಸದಲ್ಲಿ ನಮ್ಮೂರ ಪತ್ತಾರರಿಗಿಂತ ಒಳ್ಳೆಯ ಗುರು ಸಿಗಲಿಕ್ಕಿಲ್ಲ. ಒಡವೆಯನ್ನು ಅರಗಿನಲ್ಲಿ ಕೂರಿಸಿ ಕೆತ್ತುವುದು, ಬೇಕೆಂದಾಗ ಬಿಸಿ ಮಾಡಿ ಬಿಡಿಸುವುದು ಅವರ ದಿನನಿತ್ಯದ ಕೆಲಸ. ಎಷ್ಟು ಬಿಸಿಗೆ ಅರಗು ಬಿಡುತ್ತದೆ ಎಂಬುದು ಅವರ ಬೆರಳಿಗೇ ಗೊತ್ತು. ಅವರ ಅಂಗಡಿಗೆ ಕೋಲು ಒಯ್ದರೆ ಒಂದು ಮಾತು ಮೊದಲೇ ಹೇಳಿಡಿ: ಊದುಗೊಳವೆಯ ಬೆಂಕಿ ಬೇಡ, ಬೆಸುಗೆಯ ಬಿಸಿ ಬೇಡ, ಸಣ್ಣ ಸ್ಪಿರಿಟ್ ದೀಪ ಸಾಕು.

ಮನೆಯಲ್ಲೇ ಮಾಡುವುದಾದರೆ ಫೆರುಲಿನ ಬುಡದ ದಾರದ ಸುತ್ತನ್ನು ಮೊದಲು ತೆಗೆದು, ಅಲ್ಲಿಂದಾಚೆಯ ಬಿದಿರಿಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಎರಡು ಮೂರು ಪದರ ಸುತ್ತಿ. ಸ್ಪಿರಿಟ್ ದೀಪದ ಜ್ವಾಲೆಯ ಮೇಲ್ತುದಿಯಲ್ಲಿ ಲೋಹವನ್ನು ತಿರುಗಿಸುತ್ತಾ ಹತ್ತು ಸೆಕೆಂಡು ಹಿಡಿಯಿರಿ, ಆಚೆ ತೆಗೆದು ಚರ್ಮದ ತುಂಡು ಸುತ್ತಿದ ಇಕ್ಕಳದಿಂದ ನೇರ ಎಳೆಯಿರಿ. ಬರಲಿಲ್ಲವೇ, ಇನ್ನೂ ಐದು ಸೆಕೆಂಡು. ಹೀಗೆ ಕಂತು ಕಂತಾಗಿ. ಸುಟ್ಟ ಬಿದಿರಿನ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ಪೂರಾ ತಣಿಯಲು ಬಿಡಿ. ಹಗಲು ಬೆಳಕಿನಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ, ಆದ್ದರಿಂದ ನೆರಳಿನಲ್ಲಿ ಕೂತು ಮಾಡಿ, ಮಕ್ಕಳನ್ನು ದೂರ ಇಡಿ. ಫೆರುಲಿನ ಬಾಯಿ ಮುಖದ ಕಡೆಗಾಗಲಿ ಪಕ್ಕದವರ ಕಡೆಗಾಗಲಿ ಇರದಂತೆ ನೋಡಿಕೊಳ್ಳಿ. ಒಂದು ಬದಿ ಮುಚ್ಚಿದ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ, ತೇವ ಬಿಸಿಗೆ ಹಿಗ್ಗಿ ಕೊಳವೆಯನ್ನೇ ಎಸೆದುಬಿಡಬಹುದು.

ತಿರುಚಬಾರದು ಎಂದು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಕಾರಣ ಇದೆ. ಆರು ಪಟ್ಟಿಗಳ ನಡುವಿನ ಅಂಟಿನ ಗೆರೆಗಳು ಉದ್ದಕ್ಕೆ ಎಳೆದರೆ ತಾಳುತ್ತವೆ, ತಿರುಚಿದರೆ ಪಟ್ಟಿ ಪಟ್ಟಿಯ ಮೇಲೆ ಜಾರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೊಸ ಫೆರುಲ್ ತೊಡಿಸಿ ಮೊದಲ ಮೀನು ಎಳೆದಾಗ ಗೊತ್ತಾಗುತ್ತದೆ.

ಯಾರೋ ಇತ್ತೀಚೆಗೆ ರಿಪೇರಿ ಮಾಡಿ ಅರಾಲ್ಡೈಟ್‌ನಂಥ ಎಪಾಕ್ಸಿ ಹಾಕಿದ್ದರೆ ಹೆಚ್ಚು ಬಿಸಿ ಬೇಕಾಗುತ್ತದೆ, ಅದು ಕೋಲಿನ ಒಳಗಿನ ಸರೇಸಿಗೆ ಅಪಾಯ. ಅಂಥಲ್ಲಿ ಫೆರುಲನ್ನು ಬಲಿ ಕೊಟ್ಟು ಬಿದಿರನ್ನು ಉಳಿಸುವುದೇ ಸರಿ: ಕೊಳವೆಯನ್ನು ಉದ್ದಕ್ಕೆ ತೆಳ್ಳನೆಯ ಅರದಿಂದ ಅರೆಯುತ್ತಾ ಹೋಗಿ, ಲೋಹ ಕಾಗದದಷ್ಟು ತೆಳುವಾದಾಗ ನಿಲ್ಲಿಸಿ ಇಕ್ಕಳದಿಂದ ಸುಲಿಯಿರಿ.

ಫೆರುಲ್ ಬಂದ ಮೇಲೆ ಬಿದಿರಿನ ಮೇಲೆ ಉಳಿದ ಅಂಟನ್ನು ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೆರೆದು ಸಪೂರ ಮಾಡಿದರೆ ಹಳೆಯ ಫೆರುಲ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ಹಿಡಿ ಮತ್ತು ರೀಲಿನ ಪೀಠ

ಹಿಡಿಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದನ್ನು ಬಿಚ್ಚುವುದೇ ಅಪರೂಪವಾಗಿರಬೇಕು. ಬೆಂಡಿನ ಹಿಡಿ ಕರ್ರಗೆ ಜಿಡ್ಡು ಹಿಡಿದಿದ್ದರೆ ಸಾಧಾರಣ ಸೋಪು, ಹಲ್ಲುಜ್ಜುವ ಬ್ರಷ್ಷು, ಸ್ವಲ್ಪವೇ ನೀರು ಸಾಕು, ಒಂದೆರಡು ಸಲದಲ್ಲಿ ಬಣ್ಣ ಬರುತ್ತದೆ. ಬುಡದ ಟೊಪ್ಪಿಗೆಯಲ್ಲೂ ಫೆರುಲಿನಲ್ಲಿದ್ದಂಥ ಬಚ್ಚಿಟ್ಟ ಮೊಳೆಯೋ ಸ್ಕ್ರೂವೋ ಇರುತ್ತದೆ, ಅದನ್ನು ಹುಡುಕದೆ ಬಿಸಿ ಮಾಡಬೇಡಿ. ಹಿಡಿಯ ಮೇಲ್ತುದಿಯಲ್ಲಿರುವ ಸಣ್ಣ ಲೋಹದ ಬಳೆ ಕೋಲಿನ ತುದಿಯ ಕಡೆಯಿಂದ ಮಾತ್ರ ಹೊರಬರುತ್ತದೆ. ಅದನ್ನು ಬದಲಿಸುವ ವಿಚಾರವಿದ್ದರೆ ಹೊಸ ಉಂಗುರಗಳನ್ನು ಕಟ್ಟುವ ಮೊದಲೇ ಮಾಡಬೇಕು. ಬೆಂಡು ಪೂರಾ ಇಲಿ ತಿಂದಿದ್ದರೆ, ಪುಡಿಯಾಗುತ್ತಿದ್ದರೆ ಉದ್ದಕ್ಕೆ ಸೀಳಿ ತೆಗೆಯಬಹುದು. ಬಿದಿರು ತಲುಪುವ ಮೊದಲೇ ಚಾಕು ನಿಲ್ಲಿಸಿ, ಉಳಿದದ್ದನ್ನು ಮರದ ಚಕ್ಕೆಯಿಂದ ಎಬ್ಬಿಸಿ.

ಹಿಡಿಯ ಮುಂದೆ ಶಾಯಿಯಲ್ಲಿ ಬರೆದ ಹೆಸರು, ಅಂಟಿಸಿದ ಮುದ್ರೆ ಇದ್ದರೆ ಅದರ ಮೇಲಿನ ವಾರ್ನಿಷ್ ಮುಟ್ಟಲೇಬೇಡಿ. ಅಲ್ಲಿಂದ ಎರಡು ಬೆರಳಗಲ ಆಚೆಗೆ ಕೆಲಸ ನಿಲ್ಲಿಸಿ. ಸ್ಪಿರಿಟ್ ಚಪಡಾ ಪಾಲಿಷನ್ನು ಕರಗಿಸುತ್ತದೆ, ಅದರ ಜೊತೆ ಅಕ್ಷರವೂ ಹೋಗುತ್ತದೆ.

ಫೈಬರ್ ಗ್ಲಾಸ್ ಕೋಲಿನಲ್ಲಿ ವಿಧಾನ ಇದೇ, ಆತಂಕ ಕಡಿಮೆ. ಸುತ್ತಿನ ಮೇಲೆ ದಪ್ಪ ಎಪಾಕ್ಸಿ ಪದರ ಇದ್ದರೆ ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಮಾಡಿಕೊಂಡು ಪಾದದ ಮೇಲೆ ಕೊಯ್ದರೆ ಇಡೀ ಸುತ್ತು ಸಿಪ್ಪೆಯಾಗಿ ಬರುತ್ತದೆ. ಗ್ಲಾಸಿನ ಎಳೆಗೂ ಬ್ಲೇಡು ತಾಗಬಾರದು. ಉಜ್ಜಬೇಕಾಗಿ ಬಂದರೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಸರಿಪಡಿಸಿದ ಕೋಲನ್ನು ಎಲ್ಲಿ ಹಾಕುವುದು ಎಂದು ಕೇಳುವವರಿಗೆ ಹೇಳಲೇಬೇಕಾದ ಮಾತುಂಟು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನಮ್ಮೂರ ಮುಂದಿನ ಹೊಳೆಯೂ ಈ ಹರಿವಿನದೇ. ನೀರುನಾಯಿಯ ಊಟವೇ ಮೀನು. ಅರಣ್ಯ ಇಲಾಖೆಯನ್ನು ವಿಚಾರಿಸದೆ ಇಲ್ಲಿ ಗಾಳ ಬಿಡಬೇಡಿ. ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಯಲ್ಲಿ ಮಹಶೀರ್ ಹಿಡಿದು ಬಿಡುತ್ತಿದ್ದ ಕಾಲವೂ ಮುಗಿದಿದೆ; ಕಾವೇರಿ ವನ್ಯಧಾಮದಲ್ಲಿ ಈಗ ಅದಕ್ಕೆ ಅವಕಾಶವಿಲ್ಲ. ಆ ಹಳೆಯ ದಾಖಲೆಗಳನ್ನು ತಂದುಕೊಟ್ಟ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆ ಎಂದು ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ಕೋಲು ಗೋಡೆಯ ಮೇಲಿದ್ದರೂ ಅದರ ಮರ್ಯಾದೆಗೆ ಕುಂದಿಲ್ಲ. ಖಾಸಗಿ ಕೆರೆಯಲ್ಲಿ ಮಾಲೀಕರ ಒಪ್ಪಿಗೆ ಪಡೆದು ಸಣ್ಣ ಮೀನಿಗೆ ಹಾಕಿದರೆ ಹಳೆಯ ಬಿದಿರಿಗೂ ಅದೇ ಹಿತ.

ಎಲ್ಲ ಬಿಚ್ಚಿ ಮುಗಿದ ಬರಿಗೋಲನ್ನು ಕೂಡಲೇ ಮತ್ತೆ ಕಟ್ಟಲು ಕೂರಬೇಡಿ. ಒಂದು ಹದಿನೈದು ದಿನ ಒಳಮನೆಯಲ್ಲಿ, ತಗಡಿನ ಮಾಡಿನಿಂದ ದೂರ, ತುದಿಗೆ ದಾರ ಕಟ್ಟಿ ನೇರವಾಗಿ ತೂಗುಹಾಕಿ. ಗೋಡೆಗೆ ಒರಗಿಸಿದರೆ ಬಾಗುತ್ತದೆ. ಉಂಗುರ, ಸುತ್ತು ಎರಡರ ಬಿಗಿತವೂ ಇಲ್ಲದ ಹೊತ್ತಿನಲ್ಲೇ ಪಟ್ಟಿಗಳ ನಡುವಿನ ಸತ್ತ ಅಂಟು ಬಾಯಿ ತೆರೆದು ತೋರಿಸುವುದು. ದಿನಕ್ಕೊಮ್ಮೆ ಬುಡದಿಂದ ತುದಿಯವರೆಗೆ ಬೆರಳಾಡಿಸಿ, ತೆರೆದ ಗೆರೆ ಸಿಕ್ಕಿದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಆ ಗುರುತುಗಳಿಗೆಲ್ಲ ಅಂಟು ಸೇರಿ ಒಣಗಿದ ಮೇಲೆ, ಅಳತೆಯ ಪುಸ್ತಕ ತೆರೆದು ಮೊದಲ ಉಂಗುರ ಎತ್ತಿಕೊಳ್ಳಿ.